ಸ್ಕ್ರಾಚ್‌ನಲ್ಲಿ ಕೋಲಾಟ: ಎರಡನೇ ನುಡಿಗೆ ಬರೋಷ್ಟರಲ್ಲಿ ಕೋಲು ತಾಳ ತಪ್ಪುತ್ತೆ, ಏನ್ ಮಾಡೋದು?

ಹುಣಸೇಮರದ ಮೇಷ್ಟ್ರು · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರು. ಹೇಳಿಕೊಡೋದು ಗಣಿತ, ಕಂಪ್ಯೂಟರ್ ನನ್ನ ವಿಷಯ ಅಲ್ಲ. ಶಾಲೆಗೆ ದಾನಿಗಳು ಕೊಟ್ಟ ನಾಲ್ಕು ಲ್ಯಾಪ್‌ಟಾಪ್ ಇವೆ, ಅದರಲ್ಲಿ ಮೂರು ಆನ್ ಆಗ್ತವೆ. ಇಂಟರ್ನೆಟ್ ಅಂದ್ರೆ ನನ್ನ ಮೊಬೈಲು. ಹಾಗಾಗಿ, ಬಣ್ಣದ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡೋ ಸ್ಕ್ರಾಚ್‌ನ ಆಫ್‌ಲೈನ್ ಆ್ಯಪ್ ಹಾಕಿಕೊಂಡು ಆರು, ಏಳನೇ ಕ್ಲಾಸಿನ ಹದಿನಾರು ಮಕ್ಕಳಿಗೆ ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಹೇಳಿಕೊಡ್ತಿದೀನಿ.

ಬೆಕ್ಕು ನಡೆಸಿದ್ದಾಯ್ತು, ಮೀನು ಈಜಿಸಿದ್ದಾಯ್ತು. ಈಗ ಮಕ್ಕಳೇ ಕೋಲಾಟ ಮಾಡೋಣ ಸಾರ್ ಅಂದ್ರು. ಇಬ್ಬರು ಹುಡುಗಿಯರನ್ನ ಬರೆದಿದಾರೆ, ಒಬ್ಬೊಬ್ಬಳಿಗೂ ಎರಡು ಕಾಸ್ಟ್ಯೂಮ್, ಅಂದ್ರೆ ಒಂದೇ ಪಾತ್ರದ ಎರಡು ಚಿತ್ರ: ಕೋಲು ಎತ್ತಿದ್ದು, ಕೋಲು ತಟ್ಟಿದ್ದು. ಒಬ್ಬ ಹುಡುಗಿಯ ಅಜ್ಜಿ ಕೋಲಾಟದ ಪದ ಹಾಡಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ತಂದು ಸೌಂಡ್ ಟ್ಯಾಬಿಗೆ ಹಾಕಿದ್ವಿ. ಒಂದೂವರೆ ನಿಮಿಷ ಇದೆ. ಕೋಡ್ ಹೀಗಿದೆ:

ಹಸಿರು ಬಾವುಟ ಒತ್ತಿದಾಗ → ಸ್ಟಾರ್ಟ್ ಸೌಂಡ್ ಅಜ್ಜಿಪದ.
ಇನ್ನೊಂದು ಹಸಿರು ಬಾವುಟ → ಫಾರೆವರ್ (ನಿಲ್ಲದೆ ಮತ್ತೆ ಮತ್ತೆ) ಒಳಗೆ: ಕಾಸ್ಟ್ಯೂಮ್ ತಟ್ಟು, ಪ್ಲೇ ಡ್ರಮ್ ಕ್ಲೇವ್ಸ್ 0.25 ಬೀಟ್, ಕಾಸ್ಟ್ಯೂಮ್ ಎತ್ತು, ವೇಟ್ 0.5 ಸೆಕೆಂಡ್.

ಪಲ್ಲವಿಯಲ್ಲಿ ಚೆನ್ನಾಗಿ ಕೂಡುತ್ತೆ. ಮೊದಲನೇ ನುಡಿ ಪರವಾಗಿಲ್ಲ. ಎರಡನೇ ನುಡಿಗೆ ಬಂದ್ರೆ ಅಜ್ಜಿ ಒಂದು ದಾರಿ, ಕೋಲು ಒಂದು ದಾರಿ. 0.5 ಅನ್ನೋದನ್ನ 0.48, 0.45 ಎಲ್ಲಾ ಮಾಡಿ ನೋಡಿದ್ವಿ, ಶುರುವಿನಲ್ಲೇ ಕೆಡುತ್ತೆ. ಮುಂದಿನ ತಿಂಗಳು ಪೋಷಕರ ಸಭೆಯಲ್ಲಿ ತೋರಿಸ್ಬೇಕು. ತಿಳಿದವರು ದಾರಿ ಹೇಳಿ.

ಫೇಡೆ ಊರಿನಂವ · ಶನಿವಾರ, ರಾತ್ರಿ 10:15

ಮೇಷ್ಟ್ರೇ, ಭಾಳ ಚಲೋ ಕೆಲಸ ಮಾಡಾಕತ್ತೀರಿ. ನಿಮ್ಮ ತಪ್ಪು ಎಲ್ಲರೂ ಮಾಡೋ ತಪ್ಪ. ಡ್ರಮ್ಮಿಗೆ ಬೀಟ್ ಲೆಕ್ಕ, ವೇಟ್‌ಗೆ ಸೆಕೆಂಡ್ ಲೆಕ್ಕ, ಎರಡು ತಕ್ಕಡಿ ಇಟ್ಟೀರಿ. ಟೆಂಪೋ (ಅಂದ್ರ ನಿಮಿಷಕ್ಕ ಎಷ್ಟು ಬೀಟ್ ಅನ್ನೋದು) 60 ಇದ್ದಾಗ ಒಂದು ಬೀಟ್ ಅಂದ್ರ ಒಂದು ಸೆಕೆಂಡ್, ಹಂಗಾಗಿ ಗೊತ್ತಾಗಿಲ್ಲ. ಟೆಂಪೋ ಬದಲಿಸಿದ್ರ ಎಲ್ಲಾ ಹದಗೆಡತದ.

ವೇಟ್ ತಗದು ಅಲ್ಲಿ ಮ್ಯೂಸಿಕ್ ಗುಂಪಿನ್ಯಾಗಿನ ರೆಸ್ಟ್ ಫಾರ್ ಬೀಟ್ಸ್ ಹಾಕ್ರಿ. ಟೆಂಪೋ ಅನ್ನೋದು ಇಡೀ ಪ್ರಾಜೆಕ್ಟಿಗೆ ಒಂದ. ಯಾವ ಸ್ಪ್ರೈಟ್‌ನ್ಯಾಗ (ಅಂದ್ರ ಪಾತ್ರದಾಗ) ಬದಲಿಸಿದ್ರೂ ಎಲ್ಲಾರಿಗೂ ಬದಲಾಗತದ. ವಾದ್ಯ ಮಾತ್ರ ಸ್ಪ್ರೈಟ್‌ಗೊಂದು ಬ್ಯಾರೆ ಇಡಬಹುದು. ಅಂದ್ರ ಹೆಜ್ಜೀನೂ ಬೀಟ್‌ನ್ಯಾಗ ಅಳದ್ರ ಹೆಜ್ಜಿ, ಕೋಲು, ಡ್ರಮ್ಮು ಎಲ್ಲಾ ಒಂದ ಟೆಂಪೋದ ಹಿಂದ ಓಡತಾವ.

ತಲೆಕೆಳಗಾದ ಬೆಕ್ಕು · ಭಾನುವಾರ, ಬೆಳಿಗ್ಗೆ 7:05

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನ ಮಗನಿಗೆ ಎಂಟು ವರ್ಷ, ಮನೆಯಲ್ಲೇ ಕಲಿಸ್ತಿದೀನಿ. ಎರಡು ಡೌಟು. ಬೆಕ್ಕು ಗೋಡೆಗೆ ಬಡಿದು ವಾಪಸ್ ಬರುವಾಗ ತಲೆಕೆಳಗಾಗಿ ನಡೆಯುತ್ತೆ. ಮಗ ನಕ್ಕು ನಕ್ಕು ಸಾಯ್ತಾನೆ, ನನಗೆ ಸರಿ ಮಾಡೋಕೆ ಬರ್ತಿಲ್ಲ. ಇನ್ನೊಂದು, ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಡ್ರಮ್ ಬ್ಲಾಕು ಸೌಂಡ್ ಗುಂಪಿನಲ್ಲೇ ಇದೆ, ನಮ್ಮ ಸ್ಕ್ರೀನಲ್ಲಿ ಎಷ್ಟು ಹುಡುಕಿದ್ರೂ ಇಲ್ಲ.

ಫೇಡೆ ಊರಿನಂವ · ಭಾನುವಾರ, ಬೆಳಿಗ್ಗೆ 8:30

ಅಕ್ಕಾರ, ಸೆಟ್ ರೊಟೇಷನ್ ಸ್ಟೈಲ್ ಅಂತ ಬ್ಲಾಕ್ ಅದ, ಅದರಾಗ ಲೆಫ್ಟ್-ರೈಟ್ ಆರಿಸ್ರಿ. ಬೆಕ್ಕು ಕಾಲ ಮ್ಯಾಲೆ ನಿಂದ್ರತದ. ನಗೋದು ಮುಗದ ಮ್ಯಾಲೆ ಹಾಕ್ರಿ, ಅವಸರ ಇಲ್ಲ.

ಪುಸ್ತಕ ಹಳೇದು. 2019ರ ಜನವರಿಗೆ ಸ್ಕ್ರಾಚ್ 3.0 ಬಂತಲ್ಲ, ಆವಾಗ ಸಂಗೀತದ ಬ್ಲಾಕ್ ಎಲ್ಲಾ, ಬೇಕಾದವರು ಮಾತ್ರ ಸೇರಿಸ್ಕೊಳ್ಳೋ ಎಕ್ಸ್‌ಟೆನ್ಷನ್ ಆದುವು. ಎಡಗಡೆ ಕೆಳಗ ಮೂಲ್ಯಾಗ ಒಂದು ಗುಂಡಿ ಅದ, ಒತ್ತಿ ಮ್ಯೂಸಿಕ್ ಆರಿಸ್ರಿ. 18 ತಾಳವಾದ್ಯ, 21 ಸ್ವರವಾದ್ಯ ಬರತಾವ. ತಬಲಾ ಇಲ್ಲ, ಮೃದಂಗ ಇಲ್ಲ, ಡೊಳ್ಳೂ ಇಲ್ಲ. ಬೇಕಂದ್ರ ನೀವ ಬಾರಿಸಿ ರೆಕಾರ್ಡ್ ಮಾಡ್ಕೋಬೇಕು.

ಅಪ್ಪನ ಜೇಬು · ಭಾನುವಾರ, ಬೆಳಿಗ್ಗೆ 11:20

ಯಾರಿಗೂ ಬೇಜಾರು ಮಾಡೋ ಉದ್ದೇಶ ಇಲ್ಲ, ಆದ್ರೆ ಕೇಳಲೇಬೇಕು. ಬೆಂಗಳೂರಲ್ಲಿ ಎರಡು ವರ್ಷ ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ದುಡ್ಡು ಸುರಿದವನು ನಾನು. ಸಂಸ್ಥೆಯ ಹೆಸರು ಬೇಡ. ಮಗಳ ಹತ್ರ ಹನ್ನೊಂದು ಸರ್ಟಿಫಿಕೇಟ್ ಇದೆ. ಮೊನ್ನೆ ಅವಳ ಪ್ರಾಜೆಕ್ಟ್ ತೆರೆಸಿ, "ಈ ಬೆಕ್ಕು ಎರಡು ಸಲ ಕುಣಿದು ನಿಲ್ಲೋ ಹಾಗೆ ಮಾಡು ಪುಟ್ಟಾ" ಅಂದೆ. ಬರಲಿಲ್ಲ. ವಿಡಿಯೋದಲ್ಲಿ ಮಿಸ್ ಎಳೆದ ಬ್ಲಾಕನ್ನೇ ಇವಳೂ ಎಳೆದಿದಾಳೆ, ಅಷ್ಟೇ. ಬಣ್ಣದ ಇಟ್ಟಿಗೆ ಜೋಡಿಸೋದರಿಂದ ಏನು ಸಿಗುತ್ತೆ? ಆ ಹೊತ್ತಲ್ಲಿ ಹೊರಗೆ ಹೋಗಿ ನಿಜವಾದ ಕೋಲಾಟ ಆಡಬಹುದಲ್ಲ?

ಸರಳೆವರಸೆ · ಭಾನುವಾರ, ಮಧ್ಯಾಹ್ನ 3:45

ಅಪ್ಪನ ಜೇಬು ಅವರೇ, ನಿಮ್ಮ ಸಿಟ್ಟು ಅರ್ಥ ಆಗತ್ತೆ. ನೀವು ಮಗಳಿಗೆ ಕೇಳಿದ ಪ್ರಶ್ನೆ ಆ ಎರಡು ವರ್ಷದಲ್ಲಿ ಕೇಳಬೇಕಾಗಿದ್ದ ಮೊದಲ ಪ್ರಶ್ನೆ. ನಾನು ಮೈಸೂರಲ್ಲಿ ಮನೆಯಲ್ಲೇ ಸಂಗೀತ ಪಾಠ ಹೇಳ್ತೀನಿ. ಮಗು ಸರಳೆವರಸೆ ಒಪ್ಪಿಸಿದ ಮೇಲೆ, "ಇದನ್ನೇ ಎರಡನೇ ಕಾಲದಲ್ಲಿ ಹಾಡು" ಅಂತೀನಿ, ಅಂದ್ರೆ ದುಪ್ಪಟ್ಟು ವೇಗದಲ್ಲಿ. ಬಾಯಿಪಾಠ ಮಾಡಿದವರು ಅಲ್ಲಿ ಸಿಕ್ಕಿಬೀಳ್ತಾರೆ. ಕೋಡಿಂಗಿಗೂ ಇದೇ ಪರೀಕ್ಷೆ ಸಾಕು: ಒಂದನ್ನ ಬದಲಾಯಿಸು ಅನ್ನಿ.

ನಾನು ಸ್ಕ್ರಾಚ್ ಬಳಸೋದು ಇದಕ್ಕೇ. ಕಾಲ ಅನ್ನೋದು ಮಕ್ಕಳ ತಲೆಗೆ ಬೇಗ ಹೋಗಲ್ಲ. ಆದಿತಾಳದ ಎಂಟು ಅಕ್ಷರಕ್ಕೆ (ಎಣಿಕೆಗೆ) ಎಂಟು ಸ್ವರ ಇಟ್ಟರೆ ಮೊದಲನೇ ಕಾಲ, ಪ್ಲೇ ನೋಟ್‌ನಲ್ಲಿ ಒಂದೊಂದೂ 1 ಬೀಟ್. ಎರಡನೇ ಕಾಲಕ್ಕೆ 0.5, ಮೂರನೇ ಕಾಲಕ್ಕೆ 0.25. ತಾಳ ಹಾಕೋ ಕೈ ಮಾತ್ರ ಅದೇ ವೇಗದಲ್ಲಿ ಇರಬೇಕು. ಅದಕ್ಕೆ ಒಂದು ಕೈಯ ಚಿತ್ರ ಬರೆಸಿ, ಬೇರೆ ಸ್ಪ್ರೈಟ್ ಮಾಡಿಸಿ, ಪೆಟ್ಟಿಗೊಂದು ಕಾಸ್ಟ್ಯೂಮ್ ಇಡಿಸ್ತೀನಿ. ಸ್ವರ ದುಪ್ಪಟ್ಟಾದ್ರೂ ಕೈ ಓಡೋದಿಲ್ಲ ಅನ್ನೋದು ಕಣ್ಣಿಗೇ ಕಾಣತ್ತೆ. ಮೊದಲ ಸಲ ಎಲ್ಲರೂ ಟೆಂಪೋ ಜಾಸ್ತಿ ಮಾಡ್ತಾರೆ, ಆಗ ಕೈಯೂ ಓಡತ್ತೆ! ಆ ತಪ್ಪನ್ನ ನಾನು ಮೊದಲೇ ಹೇಳಿಕೊಡೋದಿಲ್ಲ.

ಸ್ವರಕ್ಕೆ ಸಂಖ್ಯೆ ಕೇಳತ್ತೆ. ಮಧ್ಯದ ಸ ಅನ್ನ 60 ಅಂತ ಇಟ್ಟುಕೊಂಡ್ರೆ ಮಾಯಾಮಾಳವಗೌಳ ರಾಗಕ್ಕೆ 60, 61, 64, 65, 67, 68, 71, 72. ಒಬ್ಬ ಹುಡುಗ 61ರ ಬದಲು 62, 68ರ ಬದಲು 69 ಹಾಕಿ, "ಮಿಸ್, ಇದು ನಮ್ಮ ಪಾಠದ ಥರ ಇಲ್ಲ, ಸಿನಿಮಾ ಹಾಡಿನ ಥರ ಇದೆ" ಅಂದ. ಅವನು ಹಾಕಿದ್ದು ಶಂಕರಾಭರಣ! ರಿ, ದ ಅರ್ಧ ಮೆಟ್ಟಿಲು ಮೇಲೆ ಹೋದ್ರೆ ರಾಗವೇ ಬದಲಾಗತ್ತೆ ಅಂತ ಆರು ತಿಂಗಳು ಹೇಳಿದ್ದೆ, ಅವತ್ತು ಗೊತ್ತಾಯ್ತು ಅವನಿಗೆ.

ಕಟ್ಟೆ ಮೇಲಿನವ · ಭಾನುವಾರ, ಸಂಜೆ 6:10

ಗಮಕ (ಸ್ವರದ ಬಳುಕು) ಇಲ್ಲದ ಮಾಯಾಮಾಳವಗೌಳ ಕೇಳಿಸಿಕೊಂಡು ಮಕ್ಕಳ ಕಿವಿ ಹಾಳಾಗಲ್ವಾ ಮೇಡಂ? ಪಿಯಾನೋ ಕುಟ್ಟಿದ ಹಾಗಿರುತ್ತೆ.

ಸರಳೆವರಸೆ · ಭಾನುವಾರ, ಸಂಜೆ 6:30

ಇರತ್ತೆ. ಅದಕ್ಕೇ ಅದರ ಜೊತೆ ಹಾಡಿಸೋದಿಲ್ಲ. ಕಾಲ ತೋರಿಸೋಕೆ, ಸ್ವರಸ್ಥಾನದ ಲೆಕ್ಕ ತೋರಿಸೋಕೆ ಮಾತ್ರ. ಹಾಡೋಕೆ ಕೂತಾಗ ತಂಬೂರಿ ಶ್ರುತಿ, ಲ್ಯಾಪ್‌ಟಾಪ್ ಮುಚ್ಚಿರತ್ತೆ.

ಹುಣಸೇಮರದ ಮೇಷ್ಟ್ರು · ಮುಂದಿನ ಶನಿವಾರ, ಸಂಜೆ 5:20

ಫೇಡೆ ಸಾಹೇಬ್ರೇ, ನೀವು ಹೇಳಿದ ಹಾಗೆ ರೆಸ್ಟ್ ಹಾಕಿದ್ವಿ. ಟೆಂಪೋ 80, ಒಂದು ತಟ್ಟಿಗೆ ಒಂದು ಬೀಟ್. ಇಬ್ಬರು ಹುಡುಗಿಯರ ಕೋಲೂ ಡ್ರಮ್ಮೂ ಈಗ ಒಂದಾಗಿವೆ. ಟೆಂಪೋ 160 ಮಾಡಿ ಮಕ್ಕಳು ಕುಣಿದಾಡಿಬಿಟ್ರು. ಆದ್ರೆ ಅಜ್ಜಿ ಜೊತೆ ಮಾತ್ರ ಎರಡನೇ ನುಡಿಗೆ ಮತ್ತೆ ಅದೇ ಕತೆ.

ಅಪ್ಪನ ಜೇಬು ಅವರಿಗೆ: ನಮ್ಮ ಮಕ್ಕಳು ಹೊರಗೂ ಕೋಲಾಟ ಆಡ್ತಾರೆ ಸಾರ್. ಆಡಿ ಗೊತ್ತಿರೋದಕ್ಕೇ ಇಲ್ಲಿ ತಪ್ಪಿದ್ದು ಅವರಿಗೆ ಕಂಡಿದ್ದು. ನನಗೆ ಮೊದಲು ಕಂಡಿರಲಿಲ್ಲ.

ಫೇಡೆ ಊರಿನಂವ · ಶನಿವಾರ, ರಾತ್ರಿ 8:50

ಅರ್ಧಾ ಮಾತು ಹೇಳಿ ಕುಂತಿದ್ದೆ, ತಪ್ಪು ನಂದ.

ಸ್ಕ್ರಾಚ್ ಸೆಕೆಂಡಿಗೆ 30 ಸಲ ಚಿತ್ರ ಬರೀತದ. ವೇಟ್ ಇರಲಿ, ರೆಸ್ಟ್ ಇರಲಿ, ಹೊತ್ತು ಮುಗೀತೇನು ಅಂತ ಆ 30 ಸಲದಾಗ ಮಾತ್ರ ನೋಡತದ, ನಡುವ ನೋಡೂದಿಲ್ಲ. ಹಿಂಗಾಗಿ ಪ್ರತೀ ತಟ್ಟಿಗೂ ಒಂದೀಟು ತಡಾ. ಸುಮಾರು ಸೆಕೆಂಡಿನ ಮೂವತ್ತನೇ ಒಂದು ಪಾಲು ಅಂತ ಹಿಡೀರಿ. ಒಂದ ತಟ್ಟಿಗೆ ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮ ಪದ ಒಂದೂವರೆ ನಿಮಿಷ, 80 ಟೆಂಪೋಕ್ಕ 120 ತಟ್ಟು. 120ನ್ನ 30ರಿಂದ ಭಾಗಿಸ್ರಿ, ನಾಲ್ಕು ಸೆಕೆಂಡ್! ಅಜ್ಜಿಯ ರೆಕಾರ್ಡಿಂಗ್ ಮಾತ್ರ ತನ್ನ ಪಾಡಿಗೆ ಸರಿಯಾಗಿ ಓಡತದ. ಕೋಲು, ಡ್ರಮ್ಮು ಕೂಡೇ ತಡಾ ಆಗತಾವ, ಅದಕ್ಕ ಅವೆರಡೂ ಜೋಡಿ ಇದ್ದಂಗ ಕಾಣತಾವ.

ಪರಿಹಾರ: ಪ್ರತೀ ಸಲ "ಇನ್ನ 0.75 ಕಾಯಿ" ಅನಬ್ಯಾಡ್ರಿ. "ಗಡಿಯಾರ ಇಷ್ಟಾಗೂತನಕ ಕಾಯಿ" ಅನ್ರಿ. ಸ್ಟೇಜಿನ್ಯಾಗ ಒಂದು ಸ್ಕ್ರಿಪ್ಟ್ ಬರೀರಿ. ಬಾವುಟ ಒತ್ತಿದಾಗ ರೀಸೆಟ್ ಟೈಮರ್, ಎಣಿಕೆ ಅನ್ನೋ ವೇರಿಯೆಬಲ್ ಸೊನ್ನಿ, ಸ್ಟಾರ್ಟ್ ಸೌಂಡ್ ಅಜ್ಜಿಪದ. ಆಮ್ಯಾಲೆ ಫಾರೆವರ್ ಒಳಗ: ವೇಟ್ ಅಂಟಿಲ್ ಟೈಮರ್ > ಎಣಿಕೆ × 0.75, ಬ್ರಾಡ್‌ಕಾಸ್ಟ್ "ತಟ್ಟು" (ಎಲ್ಲಾ ಸ್ಪ್ರೈಟಿಗೂ ಸುದ್ದಿ ಹೋಗತದ), ಎಣಿಕೆಗೆ 1 ಕೂಡಿಸು. ಹುಡುಗ್ಯಾರ ಹಂತೇಕ ಫಾರೆವರ್ ಬ್ಯಾಡ. "ತಟ್ಟು" ಬಂದಾಗ ಕಾಸ್ಟ್ಯೂಮ್ ಬದಲಿಸಿ, ಒಂದೀಟು ತಡದು ವಾಪಸ್ ಎತ್ತಿದ್ರಾತು. ಡ್ರಮ್ಮನೂ "ತಟ್ಟು" ಬಂದಾಗನ ಬಾರಿಸ್ರಿ, ಆದ್ರ ಸ್ಟೇಜಿನ್ಯಾಗ ಒಂದ ಕಡೆ ಇಡ್ರಿ. ಇಬ್ರಿಗೂ ಕೊಟ್ರ ಎರಡೆರಡು ಸಲ ಕೇಳತದ.

ಒಂದು ತಟ್ಟು ತಡಾ ಆದ್ರೂ ಮುಂದಿನದು ತಡಾ ಆಗೂದಿಲ್ಲ. ಭಜನಿಯೊಳಗ ತಾಳ ಹಿಡದಾಂವ ಒಬ್ಬನ ಇರತಾನಲ್ಲ, ಹಂಗ. ಎಲ್ಲಾರೂ ತಮ್ಮ ತಮ್ಮ ತಾಳ ಎಣಸಾಕ ಹತ್ತಿದ್ರ ಭಜನಿ ಕೆಟ್ಟಂಗ.

ತೊಗಲುಬೊಂಬೆ · ಭಾನುವಾರ, ಬೆಳಿಗ್ಗೆ 9:15

ಮೇಷ್ಟ್ರೇ, ಎರಡೇ ಕಾಸ್ಟ್ಯೂಮ್ ಇದ್ರೆ ಕೋಲು ಗಾಳಿಯಲ್ಲಿ ಮಾಯವಾಗಿ ಪ್ರತ್ಯಕ್ಷ ಆದ ಹಾಗೆ ಕಾಣುತ್ತೆ. ಕೈಯನ್ನೇ ಬೇರೆ ಸ್ಪ್ರೈಟ್ ಮಾಡಿಸಿ. ನಮ್ಮ ತೊಗಲುಬೊಂಬೆಯಲ್ಲಿ ಕೈಯನ್ನ ಬೇರೆ ಕತ್ತರಿಸಿ ಭುಜದ ಹತ್ತಿರ ದಾರದಲ್ಲಿ ಗಂಟು ಹಾಕ್ತಾರೆ, ಆ ಗಂಟೇ ಕೀಲು. ಸ್ಕ್ರಾಚ್‌ನಲ್ಲಿ ಆ ಗಂಟು ಎಲ್ಲಿ ಅಂದ್ರೆ, ಕಾಸ್ಟ್ಯೂಮ್ ಬರೆಯೋ ಜಾಗದ ನಟ್ಟನಡುವೆ ಸಣ್ಣ ಗುರುತು ಇದೆ ನೋಡಿ, ಅದೇ. ಕೈಯ ಚಿತ್ರವನ್ನ ಪೂರ್ತಿ ಆಯ್ಕೆ ಮಾಡಿ ಭುಜ ಆ ಗುರುತಿನ ಮೇಲೆ ಕೂರೋ ಹಾಗೆ ಸರಿಸಿ. ಆಮೇಲೆ ಟರ್ನ್ ಬ್ಲಾಕ್ ಹಾಕಿದ್ರೆ ಕೈ ಭುಜದಿಂದ ತಿರುಗುತ್ತೆ. ಗುರುತು ಮೊಣಕೈ ಮೇಲೆ ಬಿದ್ರೆ ಕೈ ಗಿರಗಟ್ಲೆ ಥರ ತಿರುಗುತ್ತೆ, ನೋಡೋಕೆ ಭಯ ಆಗುತ್ತೆ.

ಸಾಗರದಾಚೆ · ಭಾನುವಾರ, ಮಧ್ಯಾಹ್ನ 12:40

ನಾನು ಕ್ಯಾಲಿಫೋರ್ನಿಯಾದಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಕಲಿಸ್ತೀನಿ. ಇಲ್ಲಿಯ ಮಕ್ಕಳಿಗೆ ಸ್ಕ್ರಾಚ್ ಸ್ಕೂಲಲ್ಲೇ ಬಂದಿರುತ್ತೆ, ಕನ್ನಡ ಬರಲ್ಲ. ನಮ್ಮದು ಉಲ್ಟಾ ಕತೆ. ಮಕ್ಕಳು ಪಾತ್ರ ಬರೆದು, ಮಾತನ್ನ ತಾವೇ ರೆಕಾರ್ಡ್ ಮಾಡ್ಬೇಕು. ಬರೆದದ್ದನ್ನ ಓದಿಸೋ ಎಕ್ಸ್‌ಟೆನ್ಷನ್ ಇದೆ, ಅದಕ್ಕೆ ಕನ್ನಡ ಬರಲ್ಲ. ಬರದೇ ಇದ್ದದ್ದೇ ಒಳ್ಳೇದಾಯ್ತು ಅನ್ನಿ. ಒಬ್ಬಳು "ಬಾಳೆಹಣ್ಣು" ಅನ್ನೋದನ್ನ ಒಂಬತ್ತು ಸಲ ರೆಕಾರ್ಡ್ ಮಾಡಿದಳು. ನಾನು ತಿದ್ದಿದ್ರೆ ಮುಖ ಸಿಂಡರಿಸ್ತಿದ್ದಳು, ತನ್ನ ದನಿಯನ್ನ ತಾನೇ ಕೇಳಿ, "ದಟ್ಸ್ ನಾಟ್ ಅಜ್ಜೀಸ್ ಳ" ಅಂತ ಅಳಿಸಿ ಅಳಿಸಿ ಮತ್ತೆ ಹೇಳಿದಳು.

ಮಾತಾಡುವಾಗ ಬಾಯಿ ಆಡಿಸೋಕೆ: ಒಂದು ಸ್ಕ್ರಿಪ್ಟಲ್ಲಿ ಪ್ಲೇ ಸೌಂಡ್ ಅಂಟಿಲ್ ಡನ್, ಇನ್ನೊಂದರಲ್ಲಿ ಬಾಯಿಯ ಕಾಸ್ಟ್ಯೂಮ್. ಎರಡನ್ನೂ ಒಂದೇ ಸ್ಕ್ರಿಪ್ಟಲ್ಲಿ ಕೆಳಗೆ ಕೆಳಗೆ ಇಟ್ಟರೆ ಮಾತು ಮುಗಿಯೋವರೆಗೂ ಬಾಯಿ ಮುಚ್ಚಿರುತ್ತೆ, ಮುಗಿದ ಮೇಲೆ ಸುಮ್ಮನೆ ಅಗಿಯುತ್ತೆ. ನಮ್ಮ ಕ್ಲಾಸಲ್ಲಿ ಅದಕ್ಕೆ "ಎಲೆ ಅಡಿಕೆ ಬಗ್" ಅಂತ ಹೆಸರಿಟ್ಟಿದೀವಿ.

ಅಪ್ಪನ ಜೇಬು · ಭಾನುವಾರ, ಸಂಜೆ 7:55

ಎಲೆ ಅಡಿಕೆ ಬಗ್! ಮಗಳಿಗೆ ಓದಿ ಹೇಳಿದೆ, ಅವಳ ಒಂದು ಪ್ರಾಜೆಕ್ಟಲ್ಲಿ ಅದೇ ಇದೆ, ಈಗ ಕೂತು ಸರಿ ಮಾಡ್ತಿದಾಳೆ. ಅವಳಿಗೆ ಹಿನ್ನೆಲೆಗೆ ಹೊಸ ಸಿನಿಮಾದ ಹಾಡು ಬೇಕಂತೆ. ಹಾಕಬಹುದಾ?

ನಿರ್ವಾಹಕ · ಭಾನುವಾರ, ರಾತ್ರಿ 8:20

ಮನೆಯಲ್ಲಿ ಆಟಕ್ಕೆ ಇಟ್ಟುಕೊಂಡ್ರೆ ಅದು ನಿಮ್ಮಿಷ್ಟ. ಸ್ಕ್ರಾಚ್ ತಾಣದಲ್ಲಿ ಶೇರ್ ಮಾಡಿದ ಪ್ರಾಜೆಕ್ಟು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿ ಹೋಗುತ್ತೆ, ಯಾರು ಬೇಕಾದ್ರೂ ಎತ್ತಿಕೊಂಡು ಬದಲಾಯಿಸಬಹುದು. ಬೇರೆಯವರ ಹಾಡಿಗೆ ಹಾಗೆ ಪರವಾನಗಿ ಕೊಡೋ ಹಕ್ಕು ನಿಮಗಿಲ್ಲ. ಮಕ್ಕಳ ದನಿ, ಫೋಟೋ ಹಾಕಿ ಶೇರ್ ಮಾಡೋ ಮುಂಚೆಯೂ ಇದೇ ಯೋಚಿಸಿ. ಫೈಲನ್ನ ಪೆನ್‌ಡ್ರೈವಿಗೆ ಉಳಿಸಿಕೊಂಡ್ರೆ ಖಾತೆಯೂ ಬೇಡ, ಏನೂ ಬೇಡ.

ಹುಣಸೇಮರದ ಮೇಷ್ಟ್ರು · ಮೂರನೇ ಶನಿವಾರ, ಸಂಜೆ 6:00

ಟೈಮರ್ ಹಾಕಿದ್ವಿ. ಎರಡನೇ ನುಡಿ ಸರಿಹೋಯ್ತು! ಚಪ್ಪಾಳೆ ಹೊಡೆಯೋಷ್ಟರಲ್ಲಿ ಮೂರನೇ ನುಡಿ ಬಂತು, ಈ ಸಲ ಕೋಲು ಹಿಂದೆ ಬಿತ್ತು. ಲೆಕ್ಕ ಎಲ್ಲಾ ಸರಿ ಇದೆ, ಮೂರು ಸಲ ನೋಡಿದೆ. ಅಜ್ಜಿಯ ಮೊಮ್ಮಗಳು, ಆರನೇ ಕ್ಲಾಸು, ಕಣ್ಣು ಮುಚ್ಚಿ ಬೆಂಚಿನ ಮೇಲೆ ಎರಡು ಪೆನ್ಸಿಲ್ ತಟ್ಟುತ್ತಾ ಕೂತಿದ್ಲು. "ಸಾರ್, ಕಂಪ್ಯೂಟರ್ ಸರಿಯಾಗೇ ಇದೆ, ನಮ್ಮಜ್ಜಿನೇ ಓಡ್ತಾ ಇದೆ" ಅಂದ್ಲು.

ಸರಳೆವರಸೆ · ಶನಿವಾರ, ಸಂಜೆ 6:45

ಅಜ್ಜಿ ತಪ್ಪಿಲ್ಲ ಮೇಷ್ಟ್ರೇ! ಕೋಲಾಟ ಹೋಗ್ತಾ ಹೋಗ್ತಾ ಬಿರುಸಾಗಬೇಕು, ಅದೇ ಅದರ ರುಚಿ. 0.75 ಅಂತ ಗೂಟ ಹೊಡೆದವರು ನಾವು. ಅಜ್ಜಿಯನ್ನ ಮೆಟ್ರೊನೋಮ್‌ಗೆ ಕಟ್ಟಿಹಾಕಬೇಡಿ, ದಯವಿಟ್ಟು. ಕೋಲನ್ನ ಅಜ್ಜಿಗೆ ಕಟ್ಟಿ.

ಫೇಡೆ ಊರಿನಂವ · ಶನಿವಾರ, ರಾತ್ರಿ 9:30

ಮೇಡಂ ಅಂದದ್ದ ಖರೆ. ಆ ಹುಡುಗಿ ಪೆನ್ಸಿಲ್ ಕುಟ್ಟಿದ್ದನ್ನ ಕಂಪ್ಯೂಟರಿಗೆ ಕಲಿಸ್ರಿ. "ಹೊತ್ತು" ಅಂತ ಒಂದು ಲಿಸ್ಟ್ ಮಾಡ್ರಿ. ಬಾವುಟ ಅಲ್ಲ, ಬ್ಯಾರೆ ಒಂದು ಕೀ ಒತ್ತಿದಾಗ ಲಿಸ್ಟ್ ಖಾಲಿ, ಟೈಮರ್ ಸೊನ್ನಿ, ಅಜ್ಜಿ ಪದ ಶುರು. ಪದ ಕೇಳಕೋತ ಆಕಿ ಸ್ಪೇಸ್ ಕೀ ಕುಟ್ಟಲಿ. ಸ್ಪೇಸ್ ಒತ್ತಿದಾಗೊಮ್ಮೆ ಟೈಮರ್‌ನ ಬೆಲೆ ಲಿಸ್ಟಿಗೆ ಸೇರಬೇಕು. ಆಮ್ಯಾಲೆ ಬಾವುಟ ಒತ್ತಿ ಕುಣಸೂ ಮುಂದ ಎಣಿಕೆ 1ರಿಂದ ಶುರು ಮಾಡ್ರಿ. ಎಣಿಕೆ × 0.75 ಇದ್ದಲ್ಲೆ ಲಿಸ್ಟಿನ ಎಣಿಕೆನೇ ಐಟಮ್ ಹಾಕ್ರಿ. ಲಿಸ್ಟ್ ಮುಗದ ಕೂಡ್ಲೆ ನಿಂದ್ರಸ್ರಿ.

ಒಂದು ಎಚ್ಚರಿಕಿ: ಕೀ ಒತ್ತಿ ಹಿಡದ್ರ ಅದು ತಾನ ಮತ್ತ ಮತ್ತ ಒತ್ತಿದಂಗ ಆಗತದ. ಸೇರಿಸಿದ ಮ್ಯಾಲೆ, ಕೀ ಬಿಡೂತನಕ ಕಾಯಿ ಅಂತ ಒಂದು ಬ್ಲಾಕ್ ಇಡ್ರಿ.

ಹುಣಸೇಮರದ ಮೇಷ್ಟ್ರು · ಐದನೇ ಶನಿವಾರ, ರಾತ್ರಿ 8:10

ತಡವಾಗಿ ಬರೀತಿದೀನಿ, ಪರೀಕ್ಷೆ ಇತ್ತು. ಲಿಸ್ಟ್ ಕೆಲಸ ಮಾಡ್ತು. ಎಚ್ಚರಿಕೆ ಓದಿದ್ರೂ ಒಬ್ಬ ಕೀ ಒತ್ತಿ ಹಿಡಿದೇಬಿಟ್ಟ, ಲಿಸ್ಟಿಗೆ ನೂರಾರು ಸಂಖ್ಯೆ ಬಿದ್ದು ಕೋಲುಗಳು ಜ್ವರ ಬಂದ ಹಾಗೆ ನಡುಗಿದ್ವು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ನನಗೆ ಸಿಕ್ಕ ಲಾಭ ಬೇರೆ. ಆ ಲಿಸ್ಟನ್ನ ಬೋರ್ಡ್ ಮೇಲೆ ಬರೆಸಿ, ಪಕ್ಕಪಕ್ಕದ ಎರಡು ಸಂಖ್ಯೆ ಕಳೆಯಿರಿ ಅಂದೆ. ಶುರುವಿನಲ್ಲಿ 0.74, 0.77, 0.75. ಕೊನೇ ನುಡಿಗೆ 0.62, 0.60. ದಶಮಾಂಶದ ವ್ಯವಕಲನ ಅಂದ್ರೆ ಆಕಳಿಸೋ ಮಕ್ಕಳು, ಅಜ್ಜಿ ಎಲ್ಲಿಂದ ಓಡೋಕೆ ಶುರು ಮಾಡಿದ್ರು ಅಂತ ಹುಡುಕೋಕೆ ನಲವತ್ತು ಲೆಕ್ಕ ತಾವಾಗೇ ಮಾಡಿದ್ರು.

ಇವತ್ತು ಪೋಷಕರ ಸಭೆ ಆಯ್ತು. ಅಜ್ಜಿಯೇ ಬಂದಿದ್ರು. ಅಜ್ಜಿ ಎದುರಿಗಿರುವಾಗ ಅವರ ರೆಕಾರ್ಡಿಂಗ್ ಯಾಕೆ ಸಾರ್ ಅಂತ ಮೊಮ್ಮಗಳು ಲಿಸ್ಟನ್ನೂ ಟೈಮರನ್ನೂ ಪಕ್ಕಕ್ಕೆ ಎಳೆದಿಟ್ಟು, ಸ್ಪೇಸ್ ಒತ್ತಿದ್ರೆ "ತಟ್ಟು" ಬ್ರಾಡ್‌ಕಾಸ್ಟ್ ಆಗೋ ಹಾಗೆ ಎರಡೇ ಬ್ಲಾಕ್ ಜೋಡಿಸಿದ್ಲು. ಅಜ್ಜಿ ಹಾಡಿದ್ರು, ಅವಳು ಕುಟ್ಟಿದ್ಲು, ಗೋಡೆ ಮೇಲೆ ಬಿದ್ದ ಚಿತ್ರದಲ್ಲಿ ಹುಡುಗಿಯರು ಕುಣಿದ್ರು. ಐದು ವಾರದ ಲೆಕ್ಕಾಚಾರ ಎಲ್ಲಾ ಪಕ್ಕಕ್ಕೇ ಉಳೀತು!

ಮೂರನೇ ನುಡಿಯಲ್ಲಿ ಅಜ್ಜಿ ಹಾಡು ನಿಲ್ಲಿಸಿ ಗೋಡೆ ಹತ್ರ ಹೋಗಿ ನೋಡಿದ್ರು. "ಬಲಗೋಲಿಗೆ ಬಲಗೋಲು ತಾಗ್ಬೇಕು ಕಣವ್ವಾ. ಈ ಕಡೆಯವಳು ಎಡಚಿ" ಅಂದ್ರು. ನೋಡಿದ್ರೆ ನಿಜ. ಎರಡನೇ ಹುಡುಗಿಯನ್ನ ಬೇರೆ ಬರೆದಿರಲಿಲ್ಲ, ಮೊದಲನೆಯವಳನ್ನೇ ನಕಲು ಮಾಡಿ ಅಡ್ಡ ತಿರುಗಿಸಿದ್ವಿ. ಕನ್ನಡಿಯಲ್ಲಿ ಆದ ಹಾಗೆ ಬಲಗೈ ಎಡಗೈ ಆಗಿದೆ. ಪೂರ್ತಿ ಹೊಸದಾಗಿ ಬರೆಯದೆ ಸರಿ ಮಾಡೋಕೆ ಆಗುತ್ತಾ?

ತೊಗಲುಬೊಂಬೆ · ಶನಿವಾರ, ರಾತ್ರಿ 8:35

ಆಗುತ್ತೆ. ಕೋಲು ಹಿಡಿದ ಕೈ ಈಗ ಮೈಯ ಮುಂದೆ ಇದೆ, ಅದಕ್ಕೆ ಅದು ಎಡಗೈ ಥರ ಕಾಣ್ತಿದೆ. ವೆಕ್ಟರ್‌ನಲ್ಲೇ ಬರೆದಿದ್ರೆ ಕಾಸ್ಟ್ಯೂಮ್ ಟ್ಯಾಬಲ್ಲಿ ಆ ಕೈ, ಕೋಲು ಎರಡನ್ನೂ ಆರಿಸಿ, ಗ್ರೂಪ್ ಮಾಡಿ, ಬ್ಯಾಕ್ ಒತ್ತಿ. ಕೈ ಲಂಗ ದಾವಣಿಯ ಹಿಂದೆ ಹೋಗುತ್ತೆ, ಬಲಗೈ ಆಗುತ್ತೆ. ಇನ್ನೊಂದು ಕೈಯನ್ನ ಫ್ರಂಟ್ ಒತ್ತಿ ಮುಂದೆ ತನ್ನಿ. ಎರಡು ಕಾಸ್ಟ್ಯೂಮಲ್ಲೂ ಮಾಡಬೇಕು, ಮರೀಬೇಡಿ.

ಹುಣಸೇಮರದ ಮೇಷ್ಟ್ರು · ಶನಿವಾರ, ರಾತ್ರಿ 9:05

ಆಯ್ತು. ಜಡೆ ಕೂಡ ಹಿಂದಕ್ಕೆ ಹೋಯ್ತು, ಅದನ್ನ ಸೋಮವಾರ ಮಕ್ಕಳೇ ಸರಿ ಮಾಡ್ಲಿ.